ಅಚ್ಚು ಯಾರದು, ಹೆಸರು ಯಾರದು: ಸಿನಿಮಾ ರೈಲಿನ ಮಾದರಿಗಳ ಪೈಪೋಟಿಯ ಚರಿತ್ರೆ

ಮಾದರಿ ರೈಲು ಎಂದರೆ ನಿಜವಾದ ಎಂಜಿನ್, ಬೋಗಿ, ಹಳಿಗಳ ಅಳತೆಯನ್ನು ಗೊತ್ತಾದ ಒಂದು ಪ್ರಮಾಣದಲ್ಲಿ ಕುಗ್ಗಿಸಿ, ಮನೆಯ ಮೇಜಿನ ಮೇಲೋ ನೆಲದ ಮೇಲೋ ಓಡುವಂತೆ ತಯಾರಿಸಿದ ವಸ್ತು. ಮಕ್ಕಳ ಆಟಿಕೆಯಾಗಿ ಹುಟ್ಟಿದ ಇದು ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡವರು ಕೂಡಿಡುವ, ಹರಾಜಿನಲ್ಲಿ ಬೆಲೆ ಕಟ್ಟುವ ಸಂಗ್ರಹದ ವಸ್ತುವಾಗಿಯೂ ಬೆಳೆಯಿತು. ಹೀಗೆ ಬೆಳೆಯುವ ದಾರಿಯಲ್ಲಿ ಅದಕ್ಕೆ ಸಿನಿಮಾದ ನಂಟು ಅಂಟಿಕೊಂಡಿತು. 1934ರ ಮಿಕ್ಕಿ ಮೌಸ್ ಟ್ರಾಲಿಯಿಂದ 2004ರ ಪೋಲಾರ್ ಎಕ್ಸ್‌ಪ್ರೆಸ್‌ವರೆಗಿನ 70 ವರ್ಷಗಳಲ್ಲಿ, ಪರದೆಯ ಮೇಲೆ ಓಡಿದ ರೈಲನ್ನು ಮನೆಯೊಳಗೆ ಓಡಿಸುವ ಹಕ್ಕಿಗಾಗಿ ಅಮೆರಿಕ, ಬ್ರಿಟನ್ ಮತ್ತು ಹಾಂಗ್‌ಕಾಂಗ್‌ಗಳ ಕಂಪನಿಗಳು ಒಂದರೊಡನೊಂದು ಸೆಣಸಿದವು. ಈ ಸೆಣಸಾಟವನ್ನು ಬರೀ ವ್ಯಾಪಾರದ ಪೈಪೋಟಿ ಎಂದು ಓದಿದರೆ ಅದರ ಒಳಗಿನ ಸಂಗತಿ ಕೈತಪ್ಪುತ್ತದೆ. ಒಂದು ಸಿನಿಮಾ ರೈಲಿನ ಮಾದರಿಯಲ್ಲಿ ಮೂರು ಬೇರೆ ಬೇರೆ ಆಸ್ತಿಗಳು ಸೇರಿರುತ್ತವೆ: ಪರದೆಯ ಚಿತ್ರ, ಪೆಟ್ಟಿಗೆಯ ಮೇಲಿನ ಕಂಪನಿಯ ಹೆಸರು, ಮತ್ತು ಲೋಹ ಅಥವಾ ಪ್ಲಾಸ್ಟಿಕ್ಕಿಗೆ ರೂಪ ಕೊಡುವ ಅಚ್ಚು. ಮೊದಲಿಗೆ ಹೆಸರು ಮತ್ತು ಅಚ್ಚು ಒಬ್ಬನ ಕೈಯಲ್ಲಿದ್ದವು, ಚಿತ್ರ ಮಾತ್ರ ಬಾಡಿಗೆಗೆ ಬರುತ್ತಿತ್ತು. ಶತಮಾನ ಮುಗಿಯುವ ಹೊತ್ತಿಗೆ ಮೂರೂ ಮೂರು ದಿಕ್ಕಿಗೆ ಚದುರಿದ್ದವು. ಹಳೆಯ ಕಂಪನಿಗಳು ಕಷ್ಟಕ್ಕೆ ಸಿಕ್ಕಿದ್ದು ಬಹುಮಟ್ಟಿಗೆ ಈ ಚದುರುವಿಕೆಯಿಂದಲೇ.

ಮೈಸೂರು ಜಿಲ್ಲೆಯ ಪಡುವಣ ತಾಲ್ಲೂಕುಗಳ ಓದುಗರಿಗೆ ಈ ಚರಿತ್ರೆ ದೂರದ್ದೆಂದು ತೋರುವುದು ಸಹಜ. ಈ ಭಾಗದಲ್ಲಿ ರೈಲು ಹಾಯುವುದು ಕೃಷ್ಣರಾಜನಗರದ ಮೂಲಕ ಮಾತ್ರ. ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಕುಶಾಲನಗರಕ್ಕೆ ಹೋಗಬೇಕಾದ ಮಾರ್ಗ ಸಮೀಕ್ಷೆ, ಪ್ರಸ್ತಾವಗಳ ಹಂತ ದಾಟಿಲ್ಲ, ಹೆಗ್ಗಡದೇವನಕೋಟೆಗೆ ಹಳಿಯೇ ಇಲ್ಲ. ಹಾಗಾಗಿ ಇಲ್ಲಿನ ಎಷ್ಟೋ ಮಕ್ಕಳು ರೈಲನ್ನು ಮೊದಲು ಕಂಡದ್ದು ಪರದೆಯ ಮೇಲೆ, ಮೊದಲು ಮುಟ್ಟಿದ್ದು ಚುಂಚನಕಟ್ಟೆಯಂಥ ಜಾತ್ರೆಯ ಆಟಿಕೆ ಅಂಗಡಿಯಲ್ಲಿ. ಆದರೂ ಮಾದರಿ ರೈಲಿನ ವ್ಯಾಪಾರವನ್ನು ತಿಳಿಯಲು ಬೇಕಾದ ಎರಡು ತಿಳಿವಳಿಕೆಗಳು ಈ ಸೀಮೆಯವರಿಗೆ ಅನುಭವದಿಂದಲೇ ಬಂದಿವೆ. ಒಂದು ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ. ಕೃಷ್ಣರಾಜನಗರದ ಮೂಲಕ ಹಾಸನದತ್ತ ಸಾಗುವ ಮಾರ್ಗ ದಶಕಗಳ ಕಾಲ 1,000 ಮಿಲಿಮೀಟರಿನ ಮೀಟರ್ ಗೇಜ್ ಆಗಿದ್ದು, 1990ರ ದಶಕದಲ್ಲಿ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ಹಳಿ ಅಗಲವಾದೊಡನೆ ಹಳೆಯ ಎಂಜಿನ್, ಬೋಗಿಗಳೆಲ್ಲ ಆ ಮಾರ್ಗಕ್ಕೆ ನಿರುಪಯೋಗಿಯಾದವು. ಮೈಸೂರಿನ ನಿಲ್ದಾಣದ ಬಳಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯದಲ್ಲಿ ಆ ಸಣ್ಣ ಹಳಿಯ ಕಾಲದ ಬಂಡಿಗಳನ್ನು ಇಂದಿಗೂ ನೋಡಬಹುದು. ಮನೆಯೊಳಗಿನ ರೈಲಿಗೂ ಇದೇ ನಿಯಮ. ಒಂದು ಅಳತೆಯ ಹಳಿ ಕೊಂಡ ಮನೆ ಮುಂದೆಯೂ ಅದೇ ಅಳತೆಯ ಬಂಡಿಗಳನ್ನೇ ಕೊಳ್ಳಬೇಕಾಗುವುದರಿಂದ, ಗೇಜ್ ಎಂಬುದು ತಯಾರಕರಿಗೆ ಗಿರಾಕಿಯನ್ನು ಕಟ್ಟಿಹಾಕುವ ಸಾಧನವೂ ಆಯಿತು. ಅಮೆರಿಕದ ಲಯನೆಲ್ ಕಂಪನಿಯ ಮುಖ್ಯ ಗೇಜ್ 32 ಮಿಲಿಮೀಟರಿನ ‘ಓ’. ಬ್ರಿಟನ್ನಿನ ಹಾರ್ನ್‌ಬಿ ಕಂಪನಿ ನಿಂತದ್ದು 16.5 ಮಿಲಿಮೀಟರಿನ ‘ಓಓ’ ಮೇಲೆ; ಅಮೆರಿಕದ ‘ಎಚ್‌ಓ’ ಹಳಿಯೂ ಅದೇ 16.5 ಮಿಲಿಮೀಟರು, ಆದರೆ ಬಂಡಿಯನ್ನು ಕುಗ್ಗಿಸುವ ಪ್ರಮಾಣ ಬ್ರಿಟನ್ನಿನಲ್ಲಿ 76ರಲ್ಲಿ ಒಂದು, ಅಮೆರಿಕದಲ್ಲಿ 87ರಲ್ಲಿ ಒಂದು.

ಎರಡನೆಯದು ಪರವಾನಗಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ಬೆಳೆಗಾರನಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ತಂಬಾಕು ಮಂಡಳಿಯ ಪರವಾನಗಿ ಇದ್ದವನೇ ಅಧಿಕೃತ ಬೆಳೆಗಾರ, ಎಲೆ ಹದಮಾಡುವ ಅವನ ಬ್ಯಾರನ್ನಿಗೆ ಇಷ್ಟೇ ಪ್ರಮಾಣ ಎಂಬ ಮಿತಿ, ಮಾರಲು ಗೊತ್ತಾದ ಹರಾಜು ಮಾರುಕಟ್ಟೆ. ಸಿನಿಮಾ ಕಂಪನಿ ಆಟಿಕೆ ತಯಾರಕನಿಗೆ ಕೊಡುವ ಪರವಾನಗಿಯ ಕಟ್ಟೂ ಹೀಗೆಯೇ ಇರುತ್ತದೆ: ಯಾವ ಪಾತ್ರ, ಯಾವ ವಸ್ತು, ಯಾವ ದೇಶ, ಎಷ್ಟು ವರ್ಷ ಎಂಬುದೆಲ್ಲ ಬರೆಹದಲ್ಲಿ ನಿಗದಿಯಾಗಿರುತ್ತದೆ, ಮಾದರಿಯ ಬಣ್ಣದಿಂದ ಪೆಟ್ಟಿಗೆಯ ಚಿತ್ರದವರೆಗೆ ಎಲ್ಲಕ್ಕೂ ಸಿನಿಮಾ ಕಂಪನಿಯ ಒಪ್ಪಿಗೆ ಬೇಕು. ಇದಕ್ಕೆ ಪ್ರತಿಯಾಗಿ ತಯಾರಕ ಮಾರಾಟದ ಮೊತ್ತದಲ್ಲಿ ಒಂದು ಪಾಲನ್ನು ರಾಯಧನವಾಗಿ ಸಲ್ಲಿಸುತ್ತಾನೆ. ಅನೇಕ ಒಪ್ಪಂದಗಳಲ್ಲಿ, ಮಾಲು ಮಾರಾಟವಾಗಲಿ ಬಿಡಲಿ, ಇಷ್ಟು ಹಣವನ್ನಂತೂ ಕೊಡಲೇಬೇಕೆಂಬ ಕನಿಷ್ಠ ಖಾತರಿಯ ಷರತ್ತೂ ಇರುತ್ತದೆ. ಚಿತ್ರ ಗೆದ್ದರೆ ಇಬ್ಬರಿಗೂ ಲಾಭ. ಸೋತರೆ ಗೋದಾಮಿನಲ್ಲಿ ಉಳಿದ ಮಾಲಿನ ಹೊರೆ ತಯಾರಕನದು.

ಈ ಪದ್ಧತಿ ರೈಲಿಗೆ ಬಂದದ್ದು ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. ಜೋಶುವಾ ಲಯನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಲಯನೆಲ್ ಕಂಪನಿ, ವಿದ್ಯುತ್ತಿನಿಂದ ಓಡುವ ಭಾರಿ ಲೋಹದ ರೈಲುಗಳಿಂದ ಹೆಸರು ಮಾಡಿತ್ತು. ಅದರ ಹಳೆಯ ಎದುರಾಳಿ ಐವ್ಸ್ 1928ರಲ್ಲಿ ದಿವಾಳಿಯಾದಾಗ, ಷಿಕಾಗೋದ ಅಮೆರಿಕನ್ ಫ್ಲೈಯರ್ ಜೊತೆಗೂಡಿ ಅದನ್ನು ಕೊಂಡು, ಮುಂದೆ ಪೂರ್ತಿಯಾಗಿ ತನ್ನದಾಗಿಸಿಕೊಂಡಿತ್ತು. ಆ ಖರೀದಿಯಲ್ಲಿ ಲಯನೆಲ್‌ಗೆ ಬೇಕಾಗಿದ್ದುದು ಐವ್ಸ್ ಎಂಬ ಹೆಸರಿಗಿಂತ ಹೆಚ್ಚಾಗಿ, ದೂರದಿಂದಲೇ ಎಂಜಿನ್ನನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುವ ಸಾಧನದ ಹಕ್ಕುಸ್ವಾಮ್ಯ. ಆದರೆ 1929ರ ನಂತರ ದುಬಾರಿ ರೈಲುಗಳನ್ನು ಕೊಳ್ಳುವವರೇ ಇಲ್ಲವಾಗಿ, 1934ರ ಮೇ ತಿಂಗಳಲ್ಲಿ ಲಯನೆಲ್ ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಯ ವಶಕ್ಕೆ ಹೋಯಿತು.

ಅದೇ ಹೊತ್ತಿಗೆ ವಾಲ್ಟ್ ಡಿಸ್ನಿಯ ಕಂಪನಿಗೆ ಪಾತ್ರಗಳ ಪರವಾನಗಿ ಮಾರುವ ಚತುರನೊಬ್ಬ ಸಿಕ್ಕಿದ್ದ. ಕೇ ಕೇಮನ್ ಎಂಬ ಈ ವ್ಯಕ್ತಿ 1932ರಿಂದ ಡಿಸ್ನಿಯ ಪರವಾಗಿ ಮಿಕ್ಕಿ ಮೌಸ್ ಚಿತ್ರವನ್ನು ಯಾರು ಯಾವ ವಸ್ತುವಿನ ಮೇಲೆ ಬಳಸಬಹುದೆಂಬುದನ್ನು ಒಂದು ಶಿಸ್ತಿಗೆ ತಂದು, ಮಿಕ್ಕಿಯ ಕೈಗಡಿಯಾರದಂಥ ಅಗ್ಗದ ವಸ್ತುಗಳನ್ನು ಮನೆಮನೆಗೆ ಮುಟ್ಟಿಸಿದ್ದ. ಲಯನೆಲ್ ತಯಾರಿಸಿದ್ದು ದೊಡ್ಡ ರೈಲನ್ನಲ್ಲ. ಹಳಿ ನೋಡಿಕೊಳ್ಳುವ ಗ್ಯಾಂಗ್‌ನವರು ಕೈಯಿಂದ ಒತ್ತಿ ಓಡಿಸುವ ಟ್ರಾಲಿಯ ಎರಡು ಬದಿಗಳಲ್ಲಿ ಮಿಕ್ಕಿ ಮತ್ತು ಮಿನ್ನಿ ನಿಂತು ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸುವಂತೆ ಮಾಡಿ, ಕೀಲಿ ಕೊಟ್ಟರೆ ಸುತ್ತುವ ಸ್ಪ್ರಿಂಗ್ ಅಳವಡಿಸಿ, ಒಂದು ಸುತ್ತು ಹಳಿಯ ಸಮೇತ 1 ಡಾಲರಿಗೆ ಅದು ಮಾರಿತು. 1934ರ ಕ್ರಿಸ್‌ಮಸ್ ಋತುವಿನಲ್ಲಿ ಸುಮಾರು 2,53,000 ಟ್ರಾಲಿಗಳು ಮಾರಾಟವಾದವು ಎಂಬುದು ಪ್ರಸಿದ್ಧವಾದ ಲೆಕ್ಕ. ಮುಂದಿನ ಜನವರಿಯಲ್ಲಿ ಲಯನೆಲ್ ಆಡಳಿತಾಧಿಕಾರಿಯ ವಶದಿಂದ ಬಿಡುಗಡೆಯಾಯಿತು.

ಇಲಿಯೊಂದು ಕಂಪನಿಯನ್ನು ಉಳಿಸಿತು ಎಂಬ ಕಥೆ ಅಮೆರಿಕದ ಪತ್ರಿಕೆಗಳಲ್ಲಿ ಹಬ್ಬಿ ಇಂದಿಗೂ ಬಾಳುತ್ತಿದೆ. ಆದರೆ 1 ಡಾಲರಿನ ಆಟಿಕೆಯಲ್ಲಿ ತಯಾರಿಕೆಯ ವೆಚ್ಚ, ಅಂಗಡಿಯವನ ಪಾಲು, ಡಿಸ್ನಿಯ ರಾಯಧನಗಳೆಲ್ಲ ಕಳೆದ ಮೇಲೆ ಉಳಿಯುವ ಲಾಭ ಒಂದು ದೊಡ್ಡ ಕಂಪನಿಯ ಸಾಲ ತೀರಿಸುವಷ್ಟಿರಲು ಸಾಧ್ಯವಿಲ್ಲ. ಅದೇ ವರ್ಷ ಯೂನಿಯನ್ ಪೆಸಿಫಿಕ್ ರೈಲ್ವೆಯ ಹೊಸ ಮಾದರಿಯ ನಯವಾದ ರೈಲಿನ ಪ್ರತಿರೂಪವನ್ನೂ ಲಯನೆಲ್ ಹೊರತಂದಿತ್ತು, ಅದರಿಂದಲೂ ಚೇತರಿಕೆಗೆ ನೆರವಾಯಿತು ಎಂದು ರೈಲು ಆಟಿಕೆಗಳ ಇತಿಹಾಸಕಾರರು ಹೇಳುವುದು ಸರಿಯಾಗಿಯೇ ಇದೆ. ಟ್ರಾಲಿಯಿಂದಾದ ಮುಖ್ಯ ಪ್ರಯೋಜನವೆಂದರೆ, ಸಿರಿವಂತರ ಮಕ್ಕಳ ಆಟಿಕೆಯೆನಿಸಿದ್ದ ಲಯನೆಲ್ ಹೆಸರು 1 ಡಾಲರ್ ಮಾತ್ರ ಖರ್ಚು ಮಾಡಬಲ್ಲ ಮನೆಯೊಳಕ್ಕೂ ಹೋದದ್ದು. ಈ ಪಾಠವನ್ನು ಕಂಪನಿ ಮರೆಯಲಿಲ್ಲ. ಸಾಂತಾಕ್ಲಾಸ್, ಡೊನಾಲ್ಡ್ ಡಕ್ ಟ್ರಾಲಿಗಳೂ ಮಿಕ್ಕಿಯ ಸರ್ಕಸ್ ರೈಲೂ ಬೆನ್ನಿಗೇ ಬಂದವು. ಡಿಸ್ನಿಯ ರೈಲು ಪ್ರೀತಿಯಂತೂ ವ್ಯಾಪಾರಕ್ಕೆ ಮೀರಿದ್ದು: ಅವನು 1950ರಲ್ಲಿ ಲಾಸ್ ಏಂಜಲೀಸಿನ ತನ್ನ ಮನೆಯ ಹಿತ್ತಲಿನಲ್ಲಿ, ಮೇಲೆ ಕೂತು ಸವಾರಿ ಮಾಡಬಹುದಾದ ಎಂಟರಲ್ಲೊಂದು ಪ್ರಮಾಣದ ಉಗಿ ರೈಲನ್ನೇ ಓಡಿಸಿದ.

ಬ್ರಿಟನ್ನಿನ ಕಥೆಯ ಗತಿ ಬೇರೆ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ತೂತುಳ್ಳ ಲೋಹದ ಪಟ್ಟಿಗಳನ್ನು ತಿರುಪಿನಿಂದ ಜೋಡಿಸುವ ಆಟಿಕೆಗೆ ಹಕ್ಕುಸ್ವಾಮ್ಯ ಪಡೆದು, ಮೆಕ್ಯಾನೋ ಎಂಬ ಹೆಸರಿನಲ್ಲಿ ಅದನ್ನು ಲೋಕಪ್ರಸಿದ್ಧಗೊಳಿಸಿ, 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲುಗಳನ್ನು ಆರಂಭಿಸಿದ. ಅವನ ಹೆಸರು ಅವನ ಕಾರ್ಖಾನೆಗಿಂತ ದೀರ್ಘಾಯುವಾಯಿತು. ಮೆಕ್ಯಾನೋ 1964ರಲ್ಲಿ ಎದುರಾಳಿಯಾದ ಲೈನ್ಸ್ ಬ್ರದರ್ಸ್ ವಶವಾಯಿತು, ಲೈನ್ಸ್ ಬ್ರದರ್ಸ್ 1971ರಲ್ಲಿ ಮುರಿದುಬಿತ್ತು, ಅದನ್ನು ಕೊಂಡವರು 1980ರಲ್ಲಿ ಕುಸಿದರು. ಪ್ರತಿ ಸಲವೂ ಹಾರ್ನ್‌ಬಿ ಎಂಬ ಹೆಸರು ಮಾತ್ರ ಮುಂದಿನವನ ಕೈಗೆ ದಾಟಿ, ಕೊನೆಗೆ ಕೆಂಟ್ ಪ್ರಾಂತದ ಮಾರ್ಗೇಟ್ ಊರಿನ ಕಾರ್ಖಾನೆಯಲ್ಲಿ ಸ್ವತಂತ್ರ ಕಂಪನಿಯಾಗಿ ನೆಲೆಯೂರಿತು. ಆಗ ಅದಕ್ಕೆ ಸಿಕ್ಕಿದ ಆಧಾರ ಥಾಮಸ್ ಎಂಬ ನೀಲಿ ಎಂಜಿನ್. ಪಾದ್ರಿ ಡಬ್ಲ್ಯು. ಆಡ್ರಿ ತಮ್ಮ ಮಗನಿಗಾಗಿ ಕಟ್ಟಿದ ಕಥೆಗಳು 1945ರಿಂದ ಪುಸ್ತಕಗಳಾಗಿ ಬಂದಿದ್ದವು. 1984ರಲ್ಲಿ ಅವು ಬ್ರಿಟಿಷ್ ದೂರದರ್ಶನದ ಸರಣಿಯಾದವು, 2000ದಲ್ಲಿ ಸಿನಿಮಾವೂ ಬಂತು. ಸರಣಿ ಶುರುವಾದ ಮರುವರ್ಷವೇ ಹಾರ್ನ್‌ಬಿ ಥಾಮಸ್ ಮಾದರಿಗಳನ್ನು ತಂದಿತು. ಇಲ್ಲಿ ಗಮನಿಸಬೇಕಾದ ಒಂದು ವಿಶೇಷವಿದೆ: ಆ ಸರಣಿಯನ್ನು ಚಿತ್ರೀಕರಿಸಿದ್ದೇ ಮಾದರಿ ರೈಲುಗಳಿಂದ. 45 ಮಿಲಿಮೀಟರ್ ಗೇಜಿನ ಆ ಎಂಜಿನ್‌ಗಳ ಅಡಿಯಲ್ಲಿದ್ದ ಚಕ್ರ, ಮೋಟಾರುಗಳು ಜರ್ಮನಿಯ ಮಾರ್ಕ್‌ಲಿನ್ ಕಂಪನಿಯವು. ಅಂದರೆ ಪರದೆಯ ಮೇಲಿನ ಥಾಮಸ್ ಮೂಲತಃ ಒಬ್ಬ ತಯಾರಕನ ಮಾದರಿಯ ಮೇಲೆ ನಿಂತಿದ್ದ. ಅವನ ಪ್ರತಿರೂಪ ಮಾರುವ ಹಕ್ಕು ದೊರೆತದ್ದು ಇನ್ನೊಬ್ಬನಿಗೆ.

ಇದೇ ದಶಕದಲ್ಲಿ ಅಚ್ಚಿನ ಪ್ರಶ್ನೆ ಮೊದಲ ಬಾರಿಗೆ ಬಯಲಾಯಿತು. ಅಚ್ಚು ಎಂದರೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬಿ ಎಂಜಿನ್ನಿನ ಮೈಯನ್ನು ಪಡೆಯುವ ಉಕ್ಕಿನ ಟೊಳ್ಳು ರೂಪ. ಅದನ್ನು ಕೊರೆಯಲು ತಿಂಗಳುಗಟ್ಟಲೆ ಕೆಲಸ, ಅಪಾರ ಬಂಡವಾಳ ಬೇಕು, ಒಮ್ಮೆ ಸಿದ್ಧವಾದರೆ ದಶಕಗಳ ಕಾಲ ಅದರಿಂದ ಮಾಲು ತೆಗೆಯಬಹುದು. ಬ್ರಿಟನ್ನಿನ ಪಾಲಿಟಾಯ್ ಕಂಪನಿ 1976ರಿಂದ ಮೇನ್‌ಲೈನ್ ಎಂಬ ಹೆಸರಿನಲ್ಲಿ ಹಾರ್ನ್‌ಬಿಗೆ ಎದುರಾಗಿ ರೈಲುಗಳನ್ನು ಮಾರಿತು. ಅವನ್ನು ಮಾಡಿಕೊಡುತ್ತಿದ್ದುದು ಹಾಂಗ್‌ಕಾಂಗಿನಲ್ಲಿ 1948ರಲ್ಲಿ ಸ್ಥಾಪನೆಯಾದ ಕೇಡರ್ ಕಂಪನಿ. 1980ರ ದಶಕದ ನಡುವಿನಲ್ಲಿ ಪಾಲಿಟಾಯ್ ಈ ವ್ಯಾಪಾರದಿಂದ ಹಿಂದೆ ಸರಿದಾಗ, ಅಚ್ಚುಗಳು ಹಾಂಗ್‌ಕಾಂಗಿನಲ್ಲೇ ಕೇಡರ್ ಬಳಿ ಉಳಿದವು. ಅದೇ ದಶಕದಲ್ಲಿ ಕೇಡರ್ ಅಮೆರಿಕದ ಫಿಲಡೆಲ್ಫಿಯಾದ ಹಳೆಯ ಕಂಪನಿ ಬ್ಯಾಕ್‌ಮನ್ನನ್ನು ಕೊಂಡಿತ್ತು. 1989ರಲ್ಲಿ ಬ್ಯಾಕ್‌ಮನ್ ಹೆಸರಿನಲ್ಲೇ ಬ್ರಿಟನ್ನಿನಲ್ಲೊಂದು ಶಾಖೆ ತೆರೆದು, ಮೇನ್‌ಲೈನ್ ಅಚ್ಚುಗಳಿಂದ ತೆಗೆದ ಎಂಜಿನ್‌ಗಳನ್ನು ಹೊಸ ಪೆಟ್ಟಿಗೆಯಲ್ಲಿಟ್ಟು ಮಾರುಕಟ್ಟೆಗಿಳಿಸಿತು. ಮಾಡಿಕೊಡುವ ಕೂಲಿಯವನಾಗಿದ್ದ ಕಾರ್ಖಾನೆ ಹೆಸರನ್ನು ಕೊಂಡುಕೊಂಡು ಒಡೆಯನಾಗಿ ನಿಂತಿತು. ಮುಂದಿನ 20 ವರ್ಷಗಳಲ್ಲಿ ಹಾರ್ನ್‌ಬಿಗೆ ಎದುರಾದ ತೊಂದರೆಗಳ ಬೇರು ಈ ಘಟನೆಯಲ್ಲಿದೆ. ಈ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಪರವಾನಗಿಯನ್ನು ದೇಶಕ್ಕೊಬ್ಬರಿಗೆ, ಗೇಜಿಗೊಬ್ಬರಿಗೆ ಹಂಚುವ ಪದ್ಧತಿ ಥಾಮಸ್‌ನಿಂದಲೇ ಗಟ್ಟಿಯಾಯಿತು. ಬ್ರಿಟನ್ನಿನಲ್ಲಿ ಹಾರ್ನ್‌ಬಿಯ ಓಓ ಥಾಮಸ್ ಓಡುತ್ತಿದ್ದರೆ, ಅಮೆರಿಕದಲ್ಲಿ ದೊಡ್ಡ ಗೇಜಿನ ಥಾಮಸ್ ಲಯನೆಲ್‌ನದು, 2002ರಿಂದ 16.5 ಮಿಲಿಮೀಟರ್ ಹಳಿಯ ಥಾಮಸ್ ಬ್ಯಾಕ್‌ಮನ್‌ನದು. ಹಾರ್ನ್‌ಬಿಯ ಥಾಮಸ್, ಬ್ಯಾಕ್‌ಮನ್ನಿನ ಥಾಮಸ್ ಎರಡೂ ಒಂದೇ ಹಳಿಯ ಮೇಲೆ ಓಡಬಲ್ಲವಾಗಿದ್ದರೂ ಒಂದೇ ಅಂಗಡಿಯಲ್ಲಿ ನಿಲ್ಲುವಂತಿರಲಿಲ್ಲ. ತಡೆಯುತ್ತಿದ್ದುದು ಗೇಜ್ ಅಲ್ಲ, ಒಪ್ಪಂದದ ಕಾಗದ. ಥಾಮಸ್‌ನ ಹಕ್ಕು ಕೈಯಿಂದ ಕೈಗೆ ದಾಟಿ 2012ರಲ್ಲಿ ಆಟಿಕೆ ತಯಾರಕ ಮ್ಯಾಟೆಲ್ ಕಂಪನಿಯ ಪಾಲಾದ ಮೇಲೆ, ಚಿತ್ರದ ಒಡೆಯನೇ ಆಟಿಕೆಯ ಒಡೆಯನೂ ಆದ. ಆಗ ಪರವಾನಗಿ ಪಡೆದ ಸಣ್ಣವರು ತಮಗೆ ಹಕ್ಕು ಕೊಟ್ಟವನೊಡನೆಯೇ ಪೈಪೋಟಿ ನಡೆಸಬೇಕಾದ ಸ್ಥಿತಿ ಬಂತು.

ಈ ಎಲ್ಲ ಎಳೆಗಳೂ ಕೂಡಿಬಂದದ್ದು 2001ರ ನವೆಂಬರಿನಲ್ಲಿ ತೆರೆಕಂಡ ಮೊದಲ ಹ್ಯಾರಿ ಪಾಟರ್ ಸಿನಿಮಾದಲ್ಲಿ. ಮಾಂತ್ರಿಕ ಶಾಲೆಗೆ ಮಕ್ಕಳನ್ನು ಒಯ್ಯುವ ಕೆಂಪು ಹಾಗ್ವಾರ್ಟ್ಸ್ ಎಕ್ಸ್‌ಪ್ರೆಸ್ ಆಗಿ ನಟಿಸಿದ್ದು ಒಂದು ನಿಜವಾದ ಉಗಿ ಎಂಜಿನ್: ಗ್ರೇಟ್ ವೆಸ್ಟರ್ನ್ ರೈಲ್ವೆಯ ಸ್ವಿಂಡನ್ ಕಾರ್ಖಾನೆಯಲ್ಲಿ 1937ರಲ್ಲಿ ತಯಾರಾದ 5972 ಸಂಖ್ಯೆಯ ಆಲ್ಟನ್ ಹಾಲ್. 1963ರಲ್ಲಿ ಸೇವೆಯಿಂದ ಕಳಚಿ ವೇಲ್ಸಿನ ಬ್ಯಾರಿ ಊರಿನ ಗುಜರಿ ಅಂಗಳ ಸೇರಿದ್ದ ಅದನ್ನು 1981ರಲ್ಲಿ ಉಳಿಸಿಕೊಳ್ಳಲಾಗಿತ್ತು. ಗ್ರೇಟ್ ವೆಸ್ಟರ್ನ್‌ನ ಎಂಜಿನ್‌ಗಳ ಬಣ್ಣ ಹಸಿರು. ಸಿನಿಮಾಕ್ಕಾಗಿ ಅದಕ್ಕೆ ಕೆಂಪು ಬಳಿದು, ಹಾಗ್ವಾರ್ಟ್ಸ್ ಕ್ಯಾಸಲ್ ಎಂಬ ಹೆಸರಿನ ಫಲಕ ಹಚ್ಚಿ, 5972 ಎಂಬ ಸಂಖ್ಯೆಯನ್ನು ಹಾಗೆಯೇ ಉಳಿಸಿದರು. ರೈಲು ಬಲ್ಲವರು ಇದಕ್ಕೆ ಮುಖ ಸಿಂಡರಿಸಿದ್ದರಲ್ಲಿ ಅರ್ಥವಿದೆ: ಗ್ರೇಟ್ ವೆಸ್ಟರ್ನ್‌ನಲ್ಲಿ ಹಾಲ್ ಒಂದು ವರ್ಗ, ಕ್ಯಾಸಲ್ ಬೇರೊಂದು ವರ್ಗ, ಸಿನಿಮಾ ಹಾಲ್ ವರ್ಗದ ಮೈಮೇಲೆ ಕ್ಯಾಸಲ್ ವರ್ಗದ ಹೆಸರು ಹಚ್ಚಿತ್ತು. ಆದರೆ ತಯಾರಕರಿಗೆ ಈ ಎಂಜಿನ್ ವರವಾಯಿತು. ಕಲ್ಪನೆಯ ರೈಲಾಗಿದ್ದರೆ ಹೊಸ ಅಚ್ಚು ಕೊರೆಸಬೇಕಿತ್ತು. ನಿಜದ ಎಂಜಿನ್ನೊಂದು ನಟನಾದಾಗ, ಬ್ರಿಟಿಷ್ ರೈಲುಗಳ ಅಚ್ಚುಗಳನ್ನು ಮೊದಲೇ ಕೂಡಿಟ್ಟುಕೊಂಡಿದ್ದ ಕಂಪನಿಗೆ ಅರ್ಧ ಕೆಲಸ ಮುಗಿದಂತೆಯೇ.

ಸಿನಿಮಾದ ಒಡೆಯರಾದ ವಾರ್ನರ್ ಬ್ರದರ್ಸ್ ರೈಲಿನ ಹಕ್ಕನ್ನು ಬ್ರಿಟನ್ನಿನಲ್ಲಿ ಹಾರ್ನ್‌ಬಿಗೆ, ಅಮೆರಿಕದಲ್ಲಿ ಬ್ಯಾಕ್‌ಮನ್ನಿಗೆ ಕೊಟ್ಟಿತು. ಕಟ್ಟಿ ಆಡುವ ಇಟ್ಟಿಗೆಗಳ ಲೆಗೋ ಕಂಪನಿಗೂ ಅದೇ ವರ್ಷ ಅದೇ ರೈಲಿನ ಪಾಲು ಸಿಕ್ಕಿತು. ಕೆಲವು ವರ್ಷಗಳ ನಂತರ ಲಯನೆಲ್ ದೊಡ್ಡ ಗೇಜಿನಲ್ಲಿ ಅದನ್ನು ತಂದಿತು. ಒಂದು ಎಂಜಿನ್, ನಾಲ್ಕು ತಯಾರಕರು, ಒಬ್ಬನೇ ರಾಯಧನದ ಒಡೆಯ. ಇಳಿವಯಸ್ಸಿನ ಗಂಡಸರ ಹವ್ಯಾಸವೆಂದು ಅಂಗಡಿಯವರೇ ಬದಿಗಿಟ್ಟಿದ್ದ ಮಾದರಿ ರೈಲಿನತ್ತ, ಹ್ಯಾರಿ ಪಾಟರನನ್ನು ಓದಿದ ಹುಡುಗ ಹುಡುಗಿಯರು ಬಂದರು. ಈ ಪ್ರಯೋಜನವನ್ನು ಕಡಿಮೆ ಎಣಿಸಬಾರದು. ಸಿನಿಮಾ ರೈಲುಗಳು ಹವ್ಯಾಸದ ಘನತೆಯನ್ನು ಕೆಡಿಸಿದವು ಎಂದು ಹಳಬರು ಗೊಣಗಿದರೂ, ಆ ಘನತೆಯನ್ನು ಮುಂದಿನ ತಲೆಮಾರಿಗೆ ದಾಟಿಸಿದ್ದು ಕೂಡ ಅವೇ.

ಹಾರ್ನ್‌ಬಿಯ ನಿಜವಾದ ಅಪಾಯ ಬೇರೆಡೆ ಬೆಳೆಯುತ್ತಿತ್ತು. 1990ರ ದಶಕದ ಕೊನೆಯ ವರ್ಷಗಳಲ್ಲಿ ಅದು ಮಾರ್ಗೇಟಿನ ತಯಾರಿಕೆಯನ್ನು ಹಂತಹಂತವಾಗಿ ನಿಲ್ಲಿಸಿ, ಅಚ್ಚುಗಳನ್ನು ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಸಾಂಡಾ ಕಾನ್ ಎಂಬ ಗುತ್ತಿಗೆ ತಯಾರಕನ ಕಾರ್ಖಾನೆಗೆ ಸಾಗಿಸಿತ್ತು. ಅಗ್ಗದ ದುಡಿಮೆಗಿಂತಲೂ ಮುಖ್ಯವಾದದ್ದು ಅಲ್ಲಿ ಸಿಕ್ಕ ಕೈಚಳಕ: ಕೂದಲೆಳೆಯಂಥ ಹಿಡಿಕೆಗಳನ್ನು ಬಿಡಿಬಿಡಿಯಾಗಿ ಅಂಟಿಸುವ, ಅಕ್ಷರ ಓದಲು ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಮುದ್ರೆ ಒತ್ತುವ ಕೆಲಸವನ್ನು ಆ ಕಾರ್ಮಿಕರು ಮಾಡಿದ್ದರಿಂದಲೇ ಮಾದರಿಗಳ ಗುಣಮಟ್ಟ ಹಿಂದೆಂದೂ ಇಲ್ಲದಷ್ಟು ಏರಿತು. ಸಂಗ್ರಾಹಕರು ಪೆಟ್ಟಿಗೆಯ ಮೇಲಿನ ಲಿವರ್‌ಪೂಲಿನ ಹೆಸರನ್ನು ಮೆಚ್ಚಿಕೊಂಡರು. ಮೆಚ್ಚುಗೆಗೆ ನಿಜವಾಗಿ ಅರ್ಹವಾಗಿದ್ದ ಆ ಕೈಗಳ ಹೆಸರು ಯಾವ ಪೆಟ್ಟಿಗೆಯ ಮೇಲೂ ಬರಲಿಲ್ಲ. 2008ರಲ್ಲಿ ಸಾಂಡಾ ಕಾನ್ ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕಾಗ ಅದನ್ನು ಕೊಂಡದ್ದು ಕೇಡರ್, ಅಂದರೆ ಬ್ಯಾಕ್‌ಮನ್ನಿನ ಒಡೆಯ. ಹಾರ್ನ್‌ಬಿಯ ರೈಲುಗಳು ಅದರ ಅತಿ ದೊಡ್ಡ ಎದುರಾಳಿಯ ಛಾವಣಿಯಡಿಯಲ್ಲಿ ತಯಾರಾಗಬೇಕಾಯಿತು. ಮುಂದಿನ ವರ್ಷಗಳಲ್ಲಿ ಮಾಲು ಬರುವುದು ತಡವಾಗುತ್ತಾ, ಅಂಗಡಿಗಳು ಬರಿದಾಗುತ್ತಾ, ಹಾರ್ನ್‌ಬಿ ತನ್ನ ಅಚ್ಚುಗಳನ್ನು ಅಲ್ಲಿಂದ ಬಿಡಿಸಿ ಬೇರೆ ಬೇರೆ ಕಾರ್ಖಾನೆಗಳಿಗೆ ಹಂಚಬೇಕಾಯಿತು. ಇದರ ನಡುವೆಯೇ 2012ರ ಲಂಡನ್ ಒಲಿಂಪಿಕ್ಸ್‌ನ ಪರವಾನಗಿ ಪಡೆದು ತಂದ ಸ್ಮರಣಿಕೆಗಳು ಮಾರಾಟವಾಗದೆ ಉಳಿದು, ಲಾಭದ ನಿರೀಕ್ಷೆಯನ್ನು ನಷ್ಟದ ಎಚ್ಚರಿಕೆಯಾಗಿ ತಿದ್ದಬೇಕಾಯಿತು.

ಅಮೆರಿಕದಲ್ಲಿ ಇದಕ್ಕಿಂತ ಕಹಿಯಾದ ಜಗಳವೊಂದು ನ್ಯಾಯಾಲಯಕ್ಕೇ ಹೋಯಿತು. ಎಂಟಿಎಚ್ ಎಂದು ಹೆಸರಾದ ಮೇರಿಲ್ಯಾಂಡಿನ ಕಂಪನಿಯ ಸ್ಥಾಪಕ ಮೈಕ್ ವುಲ್ಫ್ ಮೊದಲು ಲಯನೆಲ್‌ಗಾಗಿಯೇ ಹಳೆಯ ಮಾದರಿಗಳ ಪುನರ್ನಿರ್ಮಾಣ ಮಾಡಿಸಿಕೊಡುತ್ತಿದ್ದವನು. ಸಂಬಂಧ ಮುರಿದ ಮೇಲೆ 1990ರ ದಶಕದಲ್ಲಿ ಲಯನೆಲ್‌ನ ಪ್ರಬಲ ಎದುರಾಳಿಯಾದ. ಇಬ್ಬರಿಗೂ ಎಂಜಿನ್‌ಗಳು ತಯಾರಾಗುತ್ತಿದ್ದುದು ದಕ್ಷಿಣ ಕೊರಿಯಾದಲ್ಲಿ, ಬೇರೆ ಬೇರೆ ಗುತ್ತಿಗೆದಾರರಲ್ಲಿ. ತನ್ನ ವಿನ್ಯಾಸದ ನಕ್ಷೆಗಳನ್ನು ಕದ್ದು ಲಯನೆಲ್‌ಗಾಗಿ ಬಳಸಲಾಗಿದೆ ಎಂದು 2000ದಲ್ಲಿ ಎಂಟಿಎಚ್ ದಾವೆ ಹೂಡಿತು. 2004ರ ಜೂನ್‌ನಲ್ಲಿ ಡೆಟ್ರಾಯಿಟ್ಟಿನ ನ್ಯಾಯದರ್ಶಿ ಮಂಡಳಿ 4 ಕೋಟಿ ಡಾಲರಿಗೂ ಮಿಗಿಲಾದ ಪರಿಹಾರವನ್ನು ವಿಧಿಸಿತು.

ಅದೇ ವರ್ಷ ನವೆಂಬರ್ 10ರಂದು, ಕ್ರಿಸ್ ವಾನ್ ಆಲ್ಸ್‌ಬರ್ಗ್ ಅವರ 1985ರ ಮಕ್ಕಳ ಪುಸ್ತಕವನ್ನು ಆಧರಿಸಿದ ಪೋಲಾರ್ ಎಕ್ಸ್‌ಪ್ರೆಸ್ ಸಿನಿಮಾ ಬಿಡುಗಡೆಯಾಯಿತು. ಕ್ರಿಸ್‌ಮಸ್ ರಾತ್ರಿ ಮಕ್ಕಳನ್ನು ಉತ್ತರ ಧ್ರುವಕ್ಕೆ ಒಯ್ಯುವ ಆ ರೈಲಿಗೆ ಆಧಾರವಾದದ್ದು ಮಿಷಿಗನ್ನಿನಲ್ಲಿ ಉಳಿದಿರುವ ಪೆರೆ ಮಾರ್ಕೆಟ್ 1225 ಎಂಬ 1941ರ ಉಗಿ ಎಂಜಿನ್. ಸಿನಿಮಾದ ರೈಲಿನ ಸದ್ದುಗಳನ್ನೂ ಅದರಿಂದಲೇ ಧ್ವನಿಮುದ್ರಿಸಿದ್ದರು. ಬರ್ಕ್‌ಷೈರ್ ಎಂದು ಕರೆಯುವ ಆ ವರ್ಗದ ಎಂಜಿನ್ ಲಯನೆಲ್‌ನ ಹಳೆಯ ಬಳಕೆಯ ಮಾದರಿ. ಪೋಲಾರ್ ಎಕ್ಸ್‌ಪ್ರೆಸ್ ಪರವಾನಗಿ ಪಡೆದು ಲಯನೆಲ್ ತಂದ ರೈಲು ಅಂಗಡಿಗಳಲ್ಲಿ ನಿಲ್ಲದಂತೆ ಮಾರಾಟವಾಗುತ್ತಿದ್ದ ಆ ದಿನಗಳಲ್ಲೇ, ಸಿನಿಮಾ ಬಿಡುಗಡೆಯಾದ 5 ದಿನಕ್ಕೆ, ಪರಿಹಾರದ ಹೊರೆ ಹೊರಲಾರದೆ ಲಯನೆಲ್ ದಿವಾಳಿ ಕಾಯ್ದೆಯ ರಕ್ಷಣೆ ಕೋರಿ ಅರ್ಜಿ ಹಾಕಿತು. 1934ರಲ್ಲಿ ಮುಳುಗುತ್ತಿದ್ದ ಕಂಪನಿಗೆ ಪರದೆಯ ಚಿತ್ರ ಆಸರೆಯಾಗಿತ್ತು; 2004ರಲ್ಲಿ ಪರದೆಯ ಚಿತ್ರದಿಂದ ಹಣ ಬರುತ್ತಿದ್ದರೂ ನಕ್ಷೆ ಮತ್ತು ಅಚ್ಚಿನ ಜಗಳ ಅದನ್ನು ಮುಳುಗಿಸಲು ಬಂದಿತ್ತು. ಮೇಲ್ಮನವಿ ನ್ಯಾಯಾಲಯ 2006ರ ಕೊನೆಗೆ ಆ ತೀರ್ಪನ್ನು ರದ್ದುಮಾಡಿದ ಮೇಲೆ ಇಬ್ಬರೂ ರಾಜಿಯಾದರು, 2008ರಲ್ಲಿ ಲಯನೆಲ್ ದಿವಾಳಿತನದಿಂದ ಹೊರಬಂತು. ನಡುವಿನ ವರ್ಷಗಳಲ್ಲಿ ಪ್ರತಿ ಕ್ರಿಸ್‌ಮಸ್ಸಿಗೂ ಮತ್ತೆ ಮತ್ತೆ ಬೇಡಿಕೆ ಬಂದ ಪೋಲಾರ್ ಎಕ್ಸ್‌ಪ್ರೆಸ್ ಅದರ ಆಸರೆಗಳಲ್ಲಿ ಒಂದಾಗಿತ್ತು. ಎಂಟಿಎಚ್ ತನ್ನ ವ್ಯಾಪಾರವನ್ನು ಮುಚ್ಚಲು ಹೊರಟು 2021ರ ಸುಮಾರಿಗೆ ಅಚ್ಚುಗಳನ್ನು ಮಾರಿದಾಗ, ಕೊಂಡವರಲ್ಲಿ ಲಯನೆಲ್ ಕೂಡ ಇತ್ತು.

ಸಂಗ್ರಹಕ್ಕೆಂದೇ ಹುಟ್ಟಿದ ಇನ್ನೊಂದು ಬಗೆಯ ಸಿನಿಮಾ ರೈಲುಗಳೂ ಅಮೆರಿಕದಲ್ಲಿವೆ. ಅಂಚೆಯ ಮೂಲಕ ತಿಂಗಳಿಗೊಂದು ಬೋಗಿಯಂತೆ ಕಳುಹಿಸಿ, ಜೊತೆಗೆ ಸಂಖ್ಯೆ ಹಾಕಿದ ಪ್ರಮಾಣಪತ್ರವಿಡುವ ಅವುಗಳ ಮೈಮೇಲೆ ಹಳೆಯ ಚಿತ್ರಗಳ ನಟರು, ದೃಶ್ಯಗಳು ಮೂಡಿರುತ್ತವೆ. ಓಡಿಸುವುದಕ್ಕಿಂತ ಇಡುವುದೇ ಉದ್ದೇಶವಾದ ಇವುಗಳ ಬೆಲೆ ಮುಂದೆ ಏರುತ್ತದೆಂಬ ನಂಬಿಕೆ ಹೆಚ್ಚಾಗಿ ಕೈಗೂಡುವುದಿಲ್ಲ. ಸಾವಿರಾರು ಮನೆಗಳಲ್ಲಿ ಜೋಪಾನವಾಗಿ ಉಳಿದ ವಸ್ತು ವಿರಳವಾಗಲಾರದು. 1934ರ ಟ್ರಾಲಿಗೆ ಇಂದು ಬೆಲೆ ಇರುವುದಕ್ಕೆ ಒಂದು ಕಾರಣ, ಅಂದಿನ ಮಕ್ಕಳು ಅದನ್ನು ಆಡಿ ಮುರಿದದ್ದು.

ಕರ್ನಾಟಕದಲ್ಲಿ ಪರದೆಯ ರೈಲು ಬೇರೆ ದಾರಿ ಹಿಡಿಯಿತು. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣ್ ಅವರ ಮಾಲ್ಗುಡಿ ಕಥೆಗಳನ್ನು 1980ರ ದಶಕದಲ್ಲಿ ಶಂಕರ್ ನಾಗ್ ದೂರದರ್ಶನಕ್ಕೆ ತಂದಾಗ, ಆಗುಂಬೆ ಊರಾಯಿತು, ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣ ಮಾಲ್ಗುಡಿ ನಿಲ್ದಾಣವಾಯಿತು. ಮೈಸೂರು ರೈಲ್ವೆ ವಿಭಾಗ ಆ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇಲ್ಲಿ ಪರದೆಯ ನೆನಪು ಪೆಟ್ಟಿಗೆಯೊಳಗಿನ ಮಾದರಿಯಾಗದೆ, ಯಾರು ಬೇಕಾದರೂ ಹೋಗಿ ನಿಲ್ಲಬಹುದಾದ ನಿಲ್ದಾಣವಾಗಿ ಉಳಿಯಿತು.

ಆಟಿಕೆಯ ರೈಲಿನ ಮಟ್ಟಿಗೆ ಹೇಳುವುದಾದರೆ, ಬೆಂಗಳೂರು–ಮೈಸೂರು ರೈಲು ಮಾರ್ಗದ ಪಕ್ಕದಲ್ಲೇ ಇರುವ ಚನ್ನಪಟ್ಟಣದ ಮರದ ರೈಲು ಯಾವ ಸಿನಿಮಾದ ಹೆಸರನ್ನೂ ಹೊತ್ತಿಲ್ಲ. ಹಾಲೆ ಮರದ ತುಂಡನ್ನು ಚರಕಿಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ ಮೈಗೆ ಹೊಳಪು ತರುವ ಈ ಕೆಲಸದಲ್ಲಿ ಅಚ್ಚೇ ಇಲ್ಲ, ಉಳಿ ಹಿಡಿದವನ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಎಂಜಿನ್ನಿನ ಆಕಾರ ನಿಲ್ಲುತ್ತದೆ. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಅರ್ಜಿಯ ಮೇಲೆ 2005–06ರ ಸಾಲಿನಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ನೋಂದಣಿ ದೊರೆಯಿತು. ಒಂದು ಊರಿನ ಹೆಸರನ್ನು ಆ ಊರಿನ ತಯಾರಕರೇ ಬಳಸಬೇಕೆಂಬ ಕಾನೂನಿನ ಗುರುತು ಇದು. ಭಾರತದ 1999ರ ಭೌಗೋಳಿಕ ಸೂಚಿಕೆ ಕಾಯ್ದೆಯ ಪ್ರಕಾರ ಇಂಥ ಹೆಸರನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಪರವಾನಗಿಯ ಮೇಲೆ ಹೊರಗಿನವರಿಗೆ ಕೊಡುವಂತೆಯೂ ಇಲ್ಲ. ಡಿಸ್ನಿಯಿಂದ ವಾರ್ನರ್‌ವರೆಗೆ ನಡೆದುಬಂದ ವ್ಯವಹಾರ ಈ ಹೆಸರಿನ ಮೇಲೆ ನಡೆಯಲು ಸಾಧ್ಯವೇ ಇಲ್ಲ. 2021ರ ಜನವರಿಯಿಂದ ಆಟಿಕೆಗಳಿಗೆಲ್ಲ ಐಎಸ್‌ಐ ಗುರುತು ಕಡ್ಡಾಯವಾದಾಗಲೂ, ಪರೀಕ್ಷೆಯ ವೆಚ್ಚ ಭರಿಸಲಾರದ ನೋಂದಾಯಿತ ಕರಕುಶಲಿಗಳಿಗೆ ಮತ್ತು ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರಿಗೆ ಕೇಂದ್ರ ಸರ್ಕಾರ ವಿನಾಯಿತಿ ನೀಡಿತು. ಆದರೆ ಈ ಕಾಯ್ದೆ ಕಾಯುವುದು ಹೆಸರನ್ನು ಮಾತ್ರ, ಆಕಾರವನ್ನಲ್ಲ. ಚನ್ನಪಟ್ಟಣ ಎಂಬ ಹೆಸರು ಬಳಸದೆ ಅದೇ ಬಗೆಯ ರೈಲನ್ನು ಯಂತ್ರದಲ್ಲಿ ತೆಗೆದು ಮಾರುವವರನ್ನು ಅದು ತಡೆಯುವುದಿಲ್ಲ. ಚನ್ನಪಟ್ಟಣದ ಕುಶಲಿಗಳು ಬೆಲೆಯಲ್ಲಿ ಎದುರಿಸಬೇಕಾಗಿರುವುದು ಇಂಥ ಮಾಲನ್ನೇ.